ಕೊಲೆಗಾರನ ಹೆಸರಿನ ಕೆಳಗೊಂದು ತೂತು

ಗುರುವಾರ ನನ್ನ ಮಾಟುಂಗದ ದಿನ. ಮುಲುಂಡಿನಿಂದ ಹನ್ನೊಂದರ ಸ್ಲೋ ಲೋಕಲ್ ಹಿಡಿದರೆ ಲೇಡೀಸ್ ಡಬ್ಬದಲ್ಲಿ ಕೂರಲು ಜಾಗ ಸಿಗುತ್ತದೆ. ಆಫೀಸಿನ ಹುಡುಗಿಯರೆಲ್ಲ ಅಷ್ಟು ಹೊತ್ತಿಗೆ ಇಳಿದುಹೋಗಿರುತ್ತಾರೆ. ಉಳಿಯುವವರು ಕ್ಲಿಪ್ಪು, ಕಿವಿಯೋಲೆ ಮಾರುವ ಹೆಂಗಸರು, ಎಕ್ಸ್‌ರೇಯ ದೊಡ್ಡ ಕವರು ಹಿಡಿದ ವಯಸ್ಸಾದವರು, ಮತ್ತೆ ನನ್ನಂಥವರು. ಮನೆಯಲ್ಲಿ ಕೇಳಿದರೆ ಕಾಫಿ ಪುಡಿಗೆ, ಬಾಳೆ ಎಲೆಗೆ, ಮಂಗಳೂರು ಸೌತೆಗೆ ಎಂದು ಹೇಳಿ ಹೊರಡುತ್ತೇನೆ. ಅವೆಲ್ಲ ಈಗ ಮುಲುಂಡಿನಲ್ಲೂ ಸಿಗುತ್ತವೆ ಎನ್ನುವುದು ನನ್ನ ಯಜಮಾನರಿಗೂ ಗೊತ್ತು. 

ನಾನು ಹೋಗುವುದು ಲೈಬ್ರರಿಗೆ. ಹೂವಿನವರ ಸಾಲು ದಾಟಿದರೆ ಒಂದು ಓಣಿ, ಓಣಿಯಲ್ಲೊಂದು ಉಡುಪಿ ಹೋಟೆಲು, ಅದರ ಎದುರಿಗೆ ಒಂದೇ ಶಟರಿನ ಅಂಗಡಿ. ಮೂರು ಗೋಡೆಗೂ ನೆಲದಿಂದ ಮಾಡಿನವರೆಗೆ ಪುಸ್ತಕ. ಬಲಗಡೆಯ ಗೋಡೆಯಿಡೀ ಇಂಗ್ಲಿಷ್ ಪತ್ತೇದಾರಿ ಕಾದಂಬರಿಗಳು, ಎಲ್ಲಕ್ಕೂ ಕಂದು ಕಾಗದದ ಹೊದಿಕೆ, ಬೆನ್ನಿನ ಮೇಲೆ ಶಾಯಿಯಲ್ಲಿ ಬರೆದ ನಂಬರು. ಅಂಗಡಿಯವರು ಉಡುಪಿ ಕಡೆಯವರು, ಐವತ್ತರ ಆಸುಪಾಸು. ಅಂಗಡಿ ಅವರ ಅಪ್ಪನ ಕಾಲದ್ದು, ಗೋಡೆಯ ಮೇಲಿನ ನಂಬರುಗಳೂ ಅಪ್ಪನ ಕೈಬರಹದವೇ.

ನನಗೆ ಈ ಪುಸ್ತಕಗಳ ಹುಚ್ಚು ಹತ್ತಿಸಿದ್ದು ಬೆಳಗಾವಿಯ ಕಾನ್ವೆಂಟಿನ ಲೈಬ್ರರಿ ಸಿಸ್ಟರ್. ಅವರ ಬೀರುವಿನಲ್ಲಿ ಸಂತರ ಚರಿತ್ರೆಗಳ ಕೆಳಗಿನ ಹಲಗೆಯಲ್ಲಿ ಒಂದು ಬಗೆಯ ಪತ್ತೇದಾರಿ ಕಾದಂಬರಿಗೆ ಮಾತ್ರ ಪ್ರವೇಶವಿತ್ತು. ಪತ್ತೇದಾರಿಕೆ ಮಾಡುವವರಿಗೆ ಅರವತ್ತು ದಾಟಿರಬೇಕು, ಪೊಲೀಸ್ ಕೆಲಸದವರಾಗಿರಬಾರದು. ನಿವೃತ್ತ ಟೀಚರು, ಕುಂಟುವ ಪಾದ್ರಿ, ಗಂಡ ಸತ್ತ ಮೇಲೆ ತಂಗಿಯ ಮನೆಯಲ್ಲಿರುವ ಅಜ್ಜಿ. ಅಂಥ ಪುಸ್ತಕಗಳಲ್ಲಿ ಯಾರೂ ಮುತ್ತು ಕೊಡುವುದಿಲ್ಲ, ತಪ್ಪು ಮಾಡಿದವರು ಸಿಕ್ಕಿಬೀಳದೆ ಇರುವುದಿಲ್ಲ ಎಂಬುದು ಸಿಸ್ಟರ್ ಅವರ ಲೆಕ್ಕಾಚಾರ. ನನಗೆ ಹಿಡಿಸಿದ್ದು ಬೇರೆ. ಆ ಮುದುಕರು ಓಡುವುದಿಲ್ಲ, ಹಾರುವುದಿಲ್ಲ. ಚಹಾ ಕುಡಿಯುತ್ತ ಕೂತಿರುತ್ತಾರೆ. ಬಾಗಿಲ ಹೊರಗೆ ಹಾಲು ಹಾಗೇ ಉಳಿದದ್ದನ್ನು ನೋಡುತ್ತಾರೆ, ಮಳೆ ಬರದ ದಿನ ಕೊಡೆ ಒದ್ದೆಯಾಗಿರುವುದನ್ನು ನೋಡುತ್ತಾರೆ. ಮನೆ ನಡೆಸುವ ಹೆಂಗಸಿಗೆ ಇದು ಹೊಸ ವಿದ್ಯೆಯಲ್ಲ. ಲಿಫ್ಟಿನ ಜಾಲರಿ ಬಾಗಿಲು ಎಳೆದ ಸದ್ದಿನಿಂದಲೇ ಯಾರು ಬಂದರು, ಯಾವ ಮೂಡಿನಲ್ಲಿ ಬಂದರು ಎಂದು ನಾನೂ ಹೇಳಬಲ್ಲೆ.

ನಮ್ಮ ಅತ್ತೆಯವರಿಗೆ ಈಗ ಎಪ್ಪತ್ತೊಂಬತ್ತು. ಧಾರವಾಡದ ಹೆಣ್ಣುಮಕ್ಕಳ ಶಾಲೆಯಲ್ಲಿ ಮೂವತ್ತು ವರ್ಷ ಕಲಿಸಿದವರು. ನಮ್ಮಲ್ಲಿಗೆ ಬಂದು ಆರು ವರ್ಷವಾಯಿತು. ನನಗೆ ಐವತ್ತಮೂರಾದರೂ ಅವರ ಬಾಯಲ್ಲಿ ನಾನಿನ್ನೂ ‘ಹುಡುಗಿ’. ಬಂದ ಹೊಸತರಲ್ಲಿ ಟಿವಿ ಧಾರಾವಾಹಿಗಳನ್ನು ಬೈಯುತ್ತ ನೋಡುತ್ತಿದ್ದರು. ಒಂದು ದಿನ ನಾನು ಓದಿ ಮುಗಿಸಿದ ಪುಸ್ತಕವೊಂದನ್ನು ಅವರ ಕೈಗಿಟ್ಟೆ. ಡಿಕ್ಷನರಿ ಪಕ್ಕಕ್ಕಿಟ್ಟುಕೊಂಡು ಹನ್ನೊಂದು ದಿನ ಓದಿದರು. ಮುಗಿಸಿದ ಮೇಲೆ ಕನ್ನಡಕ ತೆಗೆದು, "ಆ ಡಾಕ್ಟರನ ಮ್ಯಾಲ ನನಗ ಮೊದಲ ಸಂಶಯ ಇತ್ತು ನೋಡು. ಮನ್ಯಾಗ ಮೂರು ಮಂದಿ ಹೆಂಗಸರಿದ್ದಾರ, ಸಕ್ಕರಿ ಡಬ್ಬಿ ತೆಗಿಲಿಕ್ಕೆ ಅಂವ ಯಾಕ ಎದ್ದ?" ಎಂದರು.

ಅಲ್ಲಿಂದ ಮನೆಯಲ್ಲೊಂದು ಕ್ರಮ ಬಂತು. ಮೊದಲು ನಾನು ಓದುವುದು, ಆಮೇಲೆ ಅತ್ತೆ. ಇಬ್ಬರದೂ ಮುಗಿಯುವವರೆಗೆ ಅದರ ಬಗ್ಗೆ ಮಾತಿಲ್ಲ. ಅತ್ತೆ ಮುಗಿಸಿದ ಪುಸ್ತಕವನ್ನು ನಾನು ನೇರವಾಗಿ ಚೀಲಕ್ಕೆ ಹಾಕಿ ಗುರುವಾರ ವಾಪಸು ಕೊಡುತ್ತಿದ್ದೆ. ಒಂದೇ ತೊಂದರೆ ಇತ್ತು. ಈ ಹಳೆಯ ಕಾದಂಬರಿಗಳಲ್ಲಿ ಎಷ್ಟೋ ಎರಡೆರಡು ಹೆಸರಿನಲ್ಲಿ ಅಚ್ಚಾಗಿವೆ, ಇಂಗ್ಲೆಂಡಿನಲ್ಲೊಂದು ಹೆಸರು, ಅಮೆರಿಕದಲ್ಲೊಂದು. ಕಂದು ಹೊದಿಕೆಯೊಳಗೆ ಎಲ್ಲ ಒಂದೇ ತರಹ. ಕೆಲವೊಮ್ಮೆ ಬೇರೆ ಹೆಸರಿನದನ್ನು, ಎಷ್ಟೋ ಸಲ ಒಮ್ಮೆ ಒಯ್ದ ಪ್ರತಿಯನ್ನೇ ನಾನು ಮತ್ತೆ ತರುತ್ತಿದ್ದೆ. ನನಗೆ ಹತ್ತು ಪುಟದಲ್ಲಿ ನೆನಪಾಗುತ್ತಿತ್ತು. ಅತ್ತೆ ಮರೆತಿರಬಹುದೆಂದು ಅವರಿಗೂ ಕೊಡುತ್ತಿದ್ದೆ, ಅವರಿಗೆ ನೂರು ಪುಟ ಬೇಕಾಗುತ್ತಿತ್ತು. "ನಾಕು ದಿನಾ ಕಣ್ಣು ಕೆಡಿಸ್ಕೊಂಡ ಮ್ಯಾಲ ಗೊತ್ತಾತು, ಇದು ಅದ ಸತ್ತಾಂವ," ಎಂದು ಸಿಟ್ಟಾಗುತ್ತಿದ್ದರು. ಆಮೇಲಾಮೇಲೆ ಆ ಸಿಟ್ಟು ನಿಂತಿತು. ಪುಸ್ತಕ ಕೈಗೆ ಕೊಟ್ಟ ಕೂಡಲೇ, "ಇದು ಆಗೇದ, ಒಯ್ಯಿ" ಎಂದು ವಾಪಸು ಕೊಡತೊಡಗಿದರು. ಅವರ ನೆನಪು ಸುಧಾರಿಸಿದೆ ಎಂದು ನಾನು ಸಂತೋಷಪಟ್ಟೆ. ಪತ್ತೇದಾರಿ ಕಾದಂಬರಿ ಓದಿ ಓದಿ ನಾನು ಕಲಿತದ್ದು ಅಷ್ಟೇ.

ಲೈಬ್ರರಿಯಲ್ಲಿ ಒಬ್ಬ ಹಿರಿಯರಿದ್ದರು. ಎದುರಿನ ಉಡುಪಿ ಹೋಟೆಲಿನಲ್ಲಿ ಮ್ಯಾನೇಜರಾಗಿ ನಿವೃತ್ತರಾದವರು. ಹೋಟೆಲಿನ ಹಿಂದಿನ ಚಾಳಿನಲ್ಲಿ ತಮ್ಮನ ಮಗನ ಸಂಸಾರದ ಜೊತೆ ಒಂದೇ ಕೋಣೆಯಲ್ಲಿ ಇದ್ದರು. ಹಗಲು ಆ ಕೋಣೆಯಲ್ಲಿ ಸೊಸೆ ಮಕ್ಕಳಿಗೆ ಟ್ಯೂಷನ್ ಹೇಳಿಕೊಡುತ್ತಿದ್ದಳು. ಆದ್ದರಿಂದ ಬೆಳಿಗ್ಗೆ ಹತ್ತರಿಂದ ಸಂಜೆ ಆರರವರೆಗೆ ಅವರ ಜಾಗ ಲೈಬ್ರರಿಯ ಮೂಲೆಯ ಮರದ ಸ್ಟೂಲು. ಬಲಗಡೆಯ ಗೋಡೆಯನ್ನು ಅವರು ಎರಡು ಸಲ ಓದಿ ಮುಗಿಸಿದ್ದರಂತೆ. ಹೋಟೆಲಿನ ಅಭ್ಯಾಸ, ಬಾಯಲ್ಲಿ ಸದಾ ಒಂದು ಟೂತ್‌ಪಿಕ್ಕು. ಯಾರಾದರೂ ಪುಸ್ತಕ ಆರಿಸಿದರೆ ಅದನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೊರಳಿಸಿ, "ಒಳ್ಳೆಯದುಂಟು. ಯಾರು ಕೊಂದದ್ದು ಹೇಳ್ಲಾ?" ಎಂದು ಕೆಣಕುತ್ತಿದ್ದರು. ಹೇಳಿದ್ದನ್ನು ನಾನು ಒಮ್ಮೆಯೂ ಕೇಳಿಲ್ಲ.

ಹೋದ ವರ್ಷ ಗಣಪತಿ ಹಬ್ಬ ಕಳೆದ ಮೇಲಿನ ಒಂದು ಗುರುವಾರ ಹೋದಾಗ ಸ್ಟೂಲಿನ ಮೇಲೆ ಹಳೆಯ ವಾರಪತ್ರಿಕೆಗಳ ಕಟ್ಟು ಕೂತಿತ್ತು.

"ಮಾಮ ಇಲ್ವಾ?" ಎಂದೆ. ಹಿರಿಯರನ್ನು ಅಂಗಡಿಯವರು ಹಾಗೆ ಕರೆಯುತ್ತಿದ್ದರು, ನಾನೂ ಅದನ್ನೇ ರೂಢಿಸಿಕೊಂಡಿದ್ದೆ.

"ಬರುದು ಬೇಡ ಅಂತ ಹೇಳಿದೆ ಅಕ್ಕ, ಸೋಮವಾರ." ಅಂಗಡಿಯವರು ಮೂರು ಪುಸ್ತಕ ತೆಗೆದು ಮೇಜಿನ ಮೇಲೆ ಹರಡಿದರು. "ನೀವೇ ನೋಡಿ ಮಾರಾಯ್ರೆ ಅವರ ಚಂದ."

ಆ ಕಾದಂಬರಿಗಳ ಮೊದಲಿಗೇ ಪಾತ್ರಗಳ ಪಟ್ಟಿ ಇರುತ್ತದೆ: ಕರ್ನಲ್ಲು, ಕರ್ನಲ್ಲನ ಹೆಂಡತಿ, ತೋಟದವನು, ದೂರದ ಸಂಬಂಧಿ. ಅಂಗಡಿಯವರು ಹಾಳೆಯನ್ನು ಟ್ಯೂಬ್‌ಲೈಟಿಗೆ ಹಿಡಿದರು. ಒಂದೇ ಒಂದು ಹೆಸರಿನ ಕೆಳಗೆ ಸಾಸಿವೆಯಷ್ಟೂ ಇಲ್ಲದ ಒಂದು ತೂತು. ಬೆಳಕು ಅಲ್ಲಿಂದ ಮಾತ್ರ ಬರುತ್ತಿತ್ತು.

"ಇವನೇ ಅಲ್ವಾ ಅಕ್ಕ ಕೊಂದದ್ದು?"

ಮೂರನ್ನೂ ನಾನು ಓದಿದ್ದೆ. ಎರಡರಲ್ಲಿ ಅವನೇ. ಒಂದರಲ್ಲಿ ಅವಳು.

"ಬಲಗಡೆ ಗೋಡೆಯಲ್ಲಿ ಎಷ್ಟರಲ್ಲಿ ಉಂಟೋ ದೇವರಿಗೇ ಗೊತ್ತು. ಇಬ್ಬರು ಮೆಂಬರು ಬಿಟ್ಟೇಬಿಟ್ಟರು. ಆ ವಕೀಲರಂತೂ ಪುಸ್ತಕ ಇಲ್ಲಿ ಕುಕ್ಕಿ, ಕೇಸು ಶುರು ಆಗುವ ಮೊದಲೇ ತೀರ್ಪು ಕೊಡ್ತೀರಲ್ಲ ಅಂತ ಕೇಳಿದರು. ದಿನಾ ಇಲ್ಲಿ ಕೂತು ಎಲ್ಲ ಓದುವವರು ಯಾರು? ಬಾಯಲ್ಲಿ ಕಡ್ಡಿ ಇಟ್ಟುಕೊಳ್ಳುವವರು ಯಾರು? ನಾನು ಹುಚ್ಚನಾ?"

"ಮಾಮ ಏನು ಹೇಳಿದರು?"

"ಎಂತದೂ ಹೇಳ್ಲಿಲ್ಲ. ಪೇಪರು ಮಡಿಚಿ ಎದ್ದು ಹೋದರು." ಹೇಳುವಾಗ ಅಂಗಡಿಯವರ ಮುಖವೂ ಸರಿಯಿರಲಿಲ್ಲ.

ಹಿಂದಿರುಗುವಾಗ ಮಾಮನನ್ನು ಕಂಡೆ. ದೇವಸ್ಥಾನದ ಕಾಂಪೌಂಡಿನ ನೆರಳು ಎರಡು ಅಡಿಯಷ್ಟಿತ್ತು, ಅದರೊಳಗೆ ಬೆನ್ನು ಗೋಡೆಗೆ ತಾಗಿಸಿ ನಿಂತಿದ್ದರು. ನನ್ನನ್ನು ನೋಡಿ ಪೇಪರನ್ನು ಮುಖದ ಮಟ್ಟಕ್ಕೆ ಎತ್ತಿದರು. ನಾನೂ ನೋಡದವಳ ಹಾಗೆ ದಾಟಿದೆ. ಆರು ಗಂಟೆಗೆ ಇನ್ನೂ ಐದು ತಾಸಿತ್ತು.

ಮೂರು ಪುಸ್ತಕಗಳನ್ನೂ ಕೇಳಿ ತಂದಿದ್ದೆ. ಟ್ರೇನಿನ ಕಿಟಕಿಯ ಬೆಳಕಿನಲ್ಲಿ ತೂತನ್ನು ತಿರುಗಿಸಿ ತಿರುಗಿಸಿ ನೋಡಿದೆ. ಟೂತ್‌ಪಿಕ್ಕು ಚುಚ್ಚಿದರೆ ಹಾಳೆ ಹರಿಯುತ್ತದೆ. ಇದು ದುಂಡಗೆ, ಸಣ್ಣಗೆ, ಹಿಂದಿನ ಕಡೆ ಕಾಗದ ಒಂದಿಷ್ಟು ಉಬ್ಬಿತ್ತು. ಲೋಹದ್ದೇ ಇರಬೇಕು. ವಕೀಲರ ಗುಂಡುಸೂಜಿ? ವಿಕ್ರೋಳಿಯಿಂದ ಲೈಬ್ರರಿಗೆ ಬರುವ ಟೈಲರಮ್ಮ? ಘಾಟ್ಕೋಪರ್ ದಾಟುವಷ್ಟರಲ್ಲಿ ನಾಲ್ಕು ಜನರ ಮೇಲೆ ಗುಮಾನಿಪಟ್ಟು, ನಾಲ್ವರನ್ನೂ ಬಿಟ್ಟುಬಿಟ್ಟೆ. ಮೂರು ಪುಸ್ತಕವನ್ನೂ ನಾನೇ ಒಯ್ದಿದ್ದೆ ಎಂಬುದು ನೆನಪಿತ್ತು. ಆದರೆ ಆ ಗೋಡೆಯ ಯಾವ ಪುಸ್ತಕವನ್ನು ನಾನು ಒಯ್ದಿಲ್ಲ?

ಮಂಗಳವಾರ ಮಧ್ಯಾಹ್ನ ನಾಲ್ಕಕ್ಕೆ ಚಹಾ ಹಿಡಿದು ಬಾಲ್ಕನಿಗೆ ಹೋದೆ. ಅತ್ತೆ ಆ ವಾರದ ಪುಸ್ತಕ ಆಗತಾನೇ ಮುಗಿಸಿದ್ದರು. ಕೊನೆಯ ಪುಟ ಮುಚ್ಚಿ, ಮತ್ತೆ ಮೊದಲ ಪುಟ ತೆರೆದು, ಎಡಗೈ ಬಳೆಗೆ ಕೈ ಹಾಕಿದರು. ನಮ್ಮ ಕಡೆಯ ಹೆಂಗಸರ ಬಳೆಯಲ್ಲಿ ಎರಡು ಮೂರು ಸೇಫ್ಟಿ ಪಿನ್ನು ತೂಗುತ್ತಲೇ ಇರುತ್ತವೆ. ಸೆರಗಿಗೆ, ಕಿತ್ತ ಗುಂಡಿಗೆ, ಕಾಲಿನ ಮುಳ್ಳಿಗೆ, ಯಾರದೋ ಲಂಗದ ಲಾಡಿ ಒಳಗೆ ಸೇರಿಕೊಂಡರೆ ಅದಕ್ಕೆ. ಆರು ವರ್ಷದಿಂದ ದಿನಾ ನೋಡುತ್ತಿದ್ದ ಪಿನ್ನುಗಳು. ಅತ್ತೆ ಒಂದನ್ನು ಬಿಡಿಸಿ, ಪಟ್ಟಿಯ ಮೇಲೆ ಬೆರಳಾಡಿಸಿ, ದೂರದ ಸಂಬಂಧಿಯ ಹೆಸರಿನ ಕೆಳಗೆ ಮೆಲ್ಲಗೆ ಒತ್ತಿದರು.

"ಅತ್ಯಾ!"

"ಚಹಾ ಚೆಲ್ಲಿದಿ ನೋಡು," ಎಂದರು ತಲೆ ಎತ್ತದೆ.

"ಏನು ಮಾಡಲಿಕ್ಹತ್ತೀರಿ?"

"ಗುರ್ತು. ನೀ ಓದಿದ್ದನ್ನ ಮತ್ತ ಮತ್ತ ತರತಿ. ಹಾಳಿ ಬೆಳಕಿಗೆ ಹಿಡದ ಕೂಡಲೆ ತೂತು ಕಂಡ್ರ ಓದೇನಿ ಅಂತ ಗೊತ್ತಾಗತದ. ಯಾರು ಕೊಂದಾರ ಅನ್ನೂದು ನೆನಪಾತಂದ್ರ ಇಡೀ ಕತಿ ನೆನಪಾಗತದ."

"ಲೈಬ್ರರಿ ಪುಸ್ತಕ ಅತ್ಯಾ ಅದು!"

ಈಗ ಅವರು ತಲೆ ಎತ್ತಿದರು. "ಲೈಬ್ರರಿ ಪುಸ್ತಕದಾಗ ಬರೀಬಾರದು ಅಂತ ಮೂವತ್ತು ವರ್ಷ ಹುಡುಗ್ಯಾರಿಗೆ ಹೇಳೀನಿ ನಾನು. ನಾ ಎಲ್ಲೆ ಬರದೀನಿ? ಚುಚ್ಚೀನಿ."

"ಮುಂದ ಓದಾವ್ರಿಗೆ ಗೊತ್ತಾಗೂದಿಲ್ಲೇನು?"

"ಇಷ್ಟು ಸಣ್ಣ ತೂತು. ಹಾಳಿ ಎತ್ತಿ ಹಿಡದು ಯಾರು ನೋಡತಾರ?"

"ಪತ್ತೇದಾರಿ ಕಾದಂಬರಿ ಓದಾವ್ರು ನೋಡತಾರ."

ಅತ್ತೆಗೆ ನಗು ಬಂತು, ನನಗೂ ಬಂತು. ಆಮೇಲೆ ಸ್ಟೂಲಿನ ವಿಷಯ ಹೇಳಿದೆ. ಹೇಳುತ್ತ ಹೋದ ಹಾಗೆ ಅವರ ನಗು ಇಳಿಯಿತು. ಚಹಾದ ಮೇಲೆ ಕೆನೆ ಕಟ್ಟಿತು, ಮುಟ್ಟಲಿಲ್ಲ.

"ಎಷ್ಟು ದಿನಾ ಆತು ಅವರು ಹೊರಗ ನಿಂತು?"

"ಇವತ್ತಿಗೆ ಒಂಬತ್ತು ದಿನ."

ಅವರು ಪಿನ್ನನ್ನು ಬಳೆಗೆ ಸಿಕ್ಕಿಸಿದರು. ಅಷ್ಟು ಚಿಕ್ಕ ಕೆಲಸಕ್ಕೆ ತುಂಬ ಹೊತ್ತು ತೆಗೆದುಕೊಂಡರು.

ಮಾಡಿದ್ದು ನಾನೇ ಎಂದು ಅಂಗಡಿಯವರಿಗೆ ಹೇಳಿಬಿಡುವುದಾಗಿ ಮನಸ್ಸಿನಲ್ಲೇ ಲೆಕ್ಕ ಹಾಕಿದ್ದೆ. ಅತ್ತೆಗೆ ಈ ವಯಸ್ಸಿನಲ್ಲಿ ಆ ಮುಜುಗರ ಬೇಡ, ಮಾಮನಿಗೂ ಜಾಗ ಸಿಗುತ್ತದೆ. ಬಾಯಿ ತೆರೆಯುವುದರೊಳಗೆ ಅತ್ತೆಯೇ, "ನಿನ್ನ ಮ್ಯಾಲ ಹಾಕ್ಕೋಬ್ಯಾಡ ಹುಡುಗಿ. ನಿನಗ ಸುಳ್ಳು ಹೇಳಲಿಕ್ಕೆ ಬರೂದಿಲ್ಲ, ಕಿವಿ ಕೆಂಪಾಗತಾವ. ಟ್ರೇನ್ ಎಷ್ಟಕ್ಕದ?" ಎಂದರು.

ಮಂಡಿನೋವು ಶುರುವಾದ ಮೇಲೆ ಅವರು ಲೋಕಲ್ ಹತ್ತಿದ್ದೇ ಇಲ್ಲ. ಅವತ್ತು ಬೇಡ ಎಂದು ಮಾರನೇ ದಿನಕ್ಕೆ ಒಪ್ಪಿಸಿದೆ. ಬುಧವಾರ ಹನ್ನೊಂದರ ಸ್ಲೋ. ಮಾಟುಂಗದ ಸೇತುವೆಯ ಮೆಟ್ಟಿಲಿಗೆ ನಾವು ಹದಿನೈದು ನಿಮಿಷ ಕೊಟ್ಟೆವು. ಪ್ರತಿ ಐದು ಮೆಟ್ಟಿಲಿಗೆ ನಿಂತು ಅತ್ತೆ ಸೆರಗು ಸರಿಮಾಡಿಕೊಳ್ಳುತ್ತಿದ್ದರು. ಅದು ಸೆರಗಿಗಾಗಿ ಅಲ್ಲ ಎಂದು ನನಗೂ ಗೊತ್ತಿತ್ತು.

ಅಂಗಡಿಯವರಿಗೆ ನಾನು ಪರಿಚಯ ಮಾಡಿಕೊಡುವ ಮೊದಲೇ ಅತ್ತೆ ಪುಸ್ತಕಗಳನ್ನು ಮೇಜಿನ ಮೇಲಿಟ್ಟು ಹೇಳಿದರು, "ತೂತು ಮಾಡಿದಾಕಿ ನಾನು. ಪಿನ್ನಿಲೆ. ಬಳ್ಯಾಗ ಅದ, ನೋಡ್ರಿ."

"ಅಯ್ಯೋ ದೇವರೇ! ನೀವಾ ಅಮ್ಮ?" ಅಂಗಡಿಯವರು ಎದ್ದು ನಿಂತರು. ಬಳೆ ನೋಡಿದರು, ನನ್ನ ಮುಖ ನೋಡಿದರು. "ಇರ್ಲಿ ಬಿಡಿ, ಪರವಾಗಿಲ್ಲ. ದೊಡ್ಡವರು ನೀವು. ಕೂತ್ಕೊಳ್ಳಿ."

"ನನಗ ಪರವಾಗಿಲ್ಲ ಅನ್ನೂದು ಬ್ಯಾಡ. ಅವರಿಗೆ ಹೇಳ್ರಿ."

"ಅವರಿಗೆ ಹೇಗೆ ಹೇಳುದು ಅಮ್ಮ ಈಗ?"

"ಬಾಯಿಲೆ."

ಅಂಗಡಿಯವರು ಪತ್ರಿಕೆಯ ಕಟ್ಟನ್ನು ಸ್ಟೂಲಿನಿಂದ ಇಳಿಸಿದರು, ಒರೆಸಿದರು, ಮತ್ತೆ ಒರೆಸಿದರು. ಅಂಗಡಿ ಬಿಟ್ಟು ಹೋಗುವ ಲಕ್ಷಣ ಕಾಣಲಿಲ್ಲ. ಅತ್ತೆ ಕಾಯಲಿಲ್ಲ. ಮಾಮ ಆ ಹೊತ್ತಿಗೆ ಎದುರಿನ ಹೋಟೆಲಿನಲ್ಲಿ ಕಾಫಿಗೆ ಕೂರುತ್ತಾರೆಂದು ನಾನು ಹೇಳಿದ್ದೆ. ನಾವಿಬ್ಬರೂ ಓಣಿ ದಾಟಿದೆವು.

ಅವರು ಕೈತೊಳೆಯುವ ಬೇಸಿನ್ನಿನ ಪಕ್ಕದ ಮೇಜಿನಲ್ಲಿದ್ದರು. ಅತ್ತೆ ಎದುರು ಕೂತು, ಉಸಿರು ತಿರುಗಲು ಸ್ವಲ್ಪ ಬಿಟ್ಟು, ಎಲ್ಲವನ್ನೂ ಹೇಳಿದರು. ಎರಡು ಹೆಸರಿನ ಪುಸ್ತಕಗಳು, ಮರೆವು, ಪಿನ್ನು. ಮಾಮ ಬಾಯಿಂದ ಟೂತ್‌ಪಿಕ್ಕು ತೆಗೆದು ಸಾಸರಿನ ಅಂಚಿಗಿಟ್ಟರು.

"ಪಿನ್ನು ಅಂತ ನನಗೆ ಗೊತ್ತಿತ್ತು ಅಮ್ಮ. ಹೆಂಗಸರದ್ದು ಅಂತಲೂ ಗೊತ್ತಿತ್ತು. ಕಡ್ಡಿಯಲ್ಲಿ ಹಾಗೆ ಆಗ್ಲಿಕ್ಕಿಲ್ಲ."

"ಮತ್ತ ಯಾಕ ಹೇಳಲಿಲ್ಲ?"

"ಕೇಳಿದ್ರೆ ಹೇಳ್ತಿದ್ದೆ. ಅವ ಕೇಳ್ಲಿಲ್ಲ, ಹೇಳಿದ. ಚಡ್ಡಿ ಹಾಕಿಕೊಂಡು ಅಪ್ಪನ ಜೊತೆ ಕೂರ್ತಿದ್ದಾಗಿನಿಂದ ನೋಡಿದ್ದೇನೆ ಅವನನ್ನು."

"ತಪ್ಪು ನಂದು. ನಡೀರಿ, ಬಂದು ಕೂಡ್ರಿ."

"ನನ್ನನ್ನು ಎಬ್ಬಿಸಿದ್ದು ನೀವಲ್ಲ ಅಮ್ಮ," ಎಂದು ಮಾಮ ಮೆತ್ತಗೆ ಹೇಳಿದರು. "ನೀವು ಕರೆದರೆ ಹೇಗೆ ಬರುದು?"

 ನಾನು ಅತ್ತೆಯ ಕೈ ಮೇಲೆ ಕೈ ಇಟ್ಟೆ. ಮಾಣಿ ನಾವು ಹೇಳದ ಎರಡು ಕಾಫಿ ತಂದಿಟ್ಟ. ಅವೂ ಅರ್ಧವಾದವು. ಆಗ ಎದುರುಗಡೆ ಶಟರು ಅರ್ಧ ಇಳಿದ ಸದ್ದು ಕೇಳಿಸಿತು. ಅಂಗಡಿಯವರು ಬಂದು ಮೇಜಿನ ಪಕ್ಕ ನಿಂತರು. ಕೈಯಲ್ಲಿ ಒರೆಸುವ ಬಟ್ಟೆ ಹಾಗೇ ಇತ್ತು.

"ಮಾಮ, ತಪ್ಪಾಯ್ತು. ಬನ್ನಿ ಮಾರಾಯ್ರೆ."

ಮಾಮ ದಬರಿಯಿಂದ ಲೋಟಕ್ಕೆ, ಲೋಟದಿಂದ ದಬರಿಗೆ ಕಾಫಿ ಸುರಿದರು. "ಇದೊಂದು ಮುಗಿಸ್ತೇನೆ," ಎಂದರು. ಅಷ್ಟು ನಿಧಾನವಾಗಿ ಕಾಫಿ ಕುಡಿದವರನ್ನು ನಾನು ನೋಡಿಲ್ಲ. ಅಂಗಡಿಯವರು ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತ ನಿಂತೇ ಇದ್ದರು. ಕೊನೆಗೆ ಮಾಮ ಎದ್ದರು, ಮೊದಲು ಅತ್ತೆಗೆ ದಾರಿ ಬಿಟ್ಟು.

ಸ್ಟೂಲಿನ ಮೇಲೆ ಅವರು ಕೂತದ್ದೇ ಅಂಗಡಿ ಮೊದಲಿನ ಹಾಗಾಯಿತು. ಆದರೆ ಗೋಡೆಯ ಪುಸ್ತಕಗಳ ಗತಿ? ತೂತನ್ನು ಮುಚ್ಚಲು ಬರುವುದಿಲ್ಲ. ಅಂಗಡಿಯವರು ಅಂಟುಪಟ್ಟಿ ಹಚ್ಚೋಣ ಎಂದರು. ಅದು ಇನ್ನೂ ಎದ್ದು ಕಾಣುತ್ತದೆ ಎಂದು ಮಾಮ ತಲೆಯಾಡಿಸಿದರು. ಅತ್ತೆ ಕನ್ನಡಕ ಏರಿಸಿ ಪಟ್ಟಿಯನ್ನು ಸ್ವಲ್ಪ ಹೊತ್ತು ನೋಡಿದರು.

"ಒಬ್ಬರಿಗೆ ಚುಚ್ಚಿದ್ದಕ್ಕ ಗೊತ್ತಾಗತದ. ಎಲ್ಲಾರಿಗೂ ಚುಚ್ಚಿಬಿಟ್ರ?"

ಅಂಗಡಿಯವರಿಗೆ ಅರ್ಥವಾಗಲು ಒಂದು ಕ್ಷಣ ಹಿಡಿಯಿತು. ಮಾಮನಿಗೆ ಹಿಡಿಯಲಿಲ್ಲ. ಅವರು ಆಗಲೇ ಕೈ ಚಾಚಿದ್ದರು. ಅತ್ತೆ ಬಳೆಯಿಂದ ಒಂದು ಪಿನ್ನು ಬಿಡಿಸಿ ಅವರಿಗೆ ಕೊಟ್ಟರು, ಇನ್ನೊಂದನ್ನು ತಾವಿಟ್ಟುಕೊಂಡರು. ನಾನು ಬಲಗಡೆಯ ಗೋಡೆಯಿಂದ ಇಳಿಸುವುದು, ಅಂಗಡಿಯವರು ವಾಪಸು ಜೋಡಿಸುವುದು. ಅತ್ತೆ ಪೇಪರ್ ತಿದ್ದುವಾಗ ಕೂರುತ್ತಿದ್ದಿರಬಹುದಾದ ರೀತಿಯಲ್ಲೇ ನೆಟ್ಟಗೆ ಕೂತಿದ್ದರು. ಮಾಮ ಪ್ರತಿ ಪುಸ್ತಕ ತೆರೆದಾಗಲೂ ತೂತು ಹುಡುಕುವ ಮೊದಲೇ ಕೊಲೆಗಾರನ ಹೆಸರು ಹೇಳಿ, ಆಮೇಲೆ ಬೆಳಕಿಗೆ ಹಿಡಿದು ನೋಡುತ್ತಿದ್ದರು. ಒಂದೂ ತಪ್ಪಲಿಲ್ಲ. ಅತ್ತೆ ಅದನ್ನು ಗಮನಿಸಿಯೂ ಹೊಗಳಲಿಲ್ಲ. ಯಾವ ಪುಸ್ತಕಕ್ಕೆ ಎರಡನೆಯ ಹೆಸರು ಯಾವುದು ಎಂದು ಮಾತ್ರ ಕೇಳಿ, ನನ್ನ ಸಾಮಾನಿನ ಚೀಟಿಯ ಹಿಂದೆ ಬರೆದುಕೊಂಡರು.

"ಇಂವನ್ನ ಬಿಡ್ರಿ," ಎಂದರು ಅತ್ತೆ ಒಂದು ಪಟ್ಟಿಯ ಮೇಲೆ ಬೆರಳಿಟ್ಟು. "ಒಂದನೇ ಅಧ್ಯಾಯದಾಗ ಸತ್ತಾಂವ ಇಂವ. ಪಾಪ, ಸತ್ತಾಂವಗ ಯಾಕ ಚುಚ್ಚೂದು?"

"ಅವನಿಗೂ ಇರ್ಲಿ ಅಮ್ಮ. ಈ ಲೇಖಕರ ಕತೆಯಲ್ಲಿ ಒಂದೊಂದು ಸಲ ಸತ್ತವ ಸತ್ತಿರುದೇ ಇಲ್ಲ."

ಅತ್ತೆ ಒಂದು ಕ್ಷಣ ಯೋಚಿಸಿ, ಸತ್ತವನಿಗೂ ಚುಚ್ಚಿ, ಪುಸ್ತಕವನ್ನು ಅಂಗಡಿಯವರ ಕೈಗೆ ಕೊಟ್ಟರು.